ಅರಮನೆಯವರ ಎರಡು ಕಿಲೋಮೀಟರು

ಮ್ಯಾರಥಾನ್ ಓಟದ ದೂರ 42.195 ಕಿಲೋಮೀಟರು ಎಂಬುದು ಬಹಳ ಜನರಿಗೆ ಗೊತ್ತು. ಆದರೆ ಆ ಬಾಲಂಗೋಚಿ ಎಲ್ಲಿಂದ ಬಂತು ಎಂದು ವಿಚಾರಿಸುವ ಹಟ ಹುಟ್ಟುವುದು ನಲವತ್ತನೆಯ ಕಿಲೋಮೀಟರಿನ ಫಲಕದ ಬಳಿ ಏದುಸಿರು ಬಿಟ್ಟವರಿಗೆ ಮಾತ್ರ. 1896ರಲ್ಲಿ ಆಥೆನ್ಸಿನ ಒಲಿಂಪಿಕ್ಸಿನಲ್ಲಿ ಸ್ಪಿರಿಡಾನ್ ಲೂಯಿಸ್ ಎಂಬ ನೀರು ಹೊರುವವನು ಗೆದ್ದಾಗ ಓಡಿದ್ದು ಸುಮಾರು 40 ಕಿಲೋಮೀಟರು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಟವು ವಿಂಡ್ಸರ್ ಅರಮನೆಯ ಹುಲ್ಲುಹಾಸಿನಿಂದ ಹೊರಟು, ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತ ಜಾಗದ ಮುಂದೆ ಮುಗಿಯಬೇಕೆಂದು ಗೊತ್ತುಮಾಡಿದರು. ಅಳೆದರೆ 26 ಮೈಲಿಯ ಮೇಲೆ 385 ಗಜ ಬಂತು. ಆಮೇಲಿನ ಒಲಿಂಪಿಕ್ಸುಗಳಲ್ಲಿ ಬೇರೆ ಬೇರೆ ದೂರಗಳನ್ನು ಓಡಿಸಿ ನೋಡಿ, ಕೊನೆಗೆ 1921ರಲ್ಲಿ ಉಳಿದೆಲ್ಲ ಅಳತೆಗಳನ್ನು ಬದಿಗಿಟ್ಟು ಲಂಡನ್ನಿನದನ್ನೇ ಖಾಯಂ ಮಾಡಿದರು. ಹೀಗಾಗಿ ಆ ದೊರೆಗಳು ದೇಶ ಬಿಟ್ಟು ಹೋಗಿ ಇಷ್ಟು ಕಾಲವಾದರೂ, ಮುಂಬಯಿಯಲ್ಲಿ ಜನವರಿಯ ಮೂರನೆಯ ಭಾನುವಾರ ಬಂತೆಂದರೆ ಸಾವಿರಾರು ಜನ ಅವರ ಆಸನದ ತನಕ ಓಡುತ್ತಾರೆ. ಅದೂ ಹಿಂದೆ ವಿಕ್ಟೋರಿಯಾ ಟರ್ಮಿನಸ್ ಎಂದೇ ಹೆಸರಿದ್ದ ನಿಲ್ದಾಣದ ಆಸುಪಾಸಿನಲ್ಲಿ.

ಆ ಸಾವಿರಾರು ಜನರಲ್ಲಿ ನಾನೂ ಒಬ್ಬನಾಗಿ ಬೆಂಗಳೂರಿನಿಂದ ಹೋಗಿ ಮಾಟುಂಗಾದ ಚಿಕ್ಕಪ್ಪನ ಮನೆಯಲ್ಲಿ ಇಳಿದುಕೊಂಡಿದ್ದೆ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಹೋಗುವಾಗ ಇದನ್ನು ನಾನು ಗಮನಿಸಲೇ ಇಲ್ಲ.

"ಅಲ್ಲ ಮಾರಾಯ, ಓಡಲಿಕ್ಕೆ ಅವರು ನಿನಗೆ ದುಡ್ಡು ಕೊಡುವುದಾ, ನೀನು ಅವರಿಗೆ ಕೊಡುವುದಾ?" ಎಂದು ಚಿಕ್ಕಮ್ಮ ಕೇಳಿದರು.

"ನಾನೇ ಕೊಡುವುದು ಚಿಕ್ಕಮ್ಮ."

"ಗೆಲ್ಲುವ ಅಂದಾಜು ಉಂಟಾ?"

ಇಲ್ಲವೆಂದೆ. ಅವರು ಮತ್ತೇನೂ ಕೇಳದೆ ಒಳಗೆ ಹೋಗಿ ಚಿಕ್ಕಪ್ಪನ ಹತ್ತಿರ ಸಣ್ಣ ದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ಓಟದ ಹಿಂದಿನ ರಾತ್ರಿ ಅನ್ನದಂಥ ಪಿಷ್ಟದ ಆಹಾರವನ್ನು ಚೆನ್ನಾಗಿ ತಿನ್ನಬೇಕು, ಎಣ್ಣೆ ಮಸಾಲೆಗಳನ್ನು ಮುಟ್ಟಬಾರದು ಎಂಬುದು ಓಟಗಾರರೆಲ್ಲ ಒಪ್ಪುವ ನಿಯಮ. ಅದನ್ನು ನಾನು ವಿವರಿಸಿದೆ. ಚಿಕ್ಕಮ್ಮ ಅದರ ಮೊದಲರ್ಧವನ್ನು ಮಾತ್ರ ಕೇಳಿಸಿಕೊಂಡು ನೀರುದೋಸೆಯ ರಾಶಿಯನ್ನೂ, ಅದರ ಪಕ್ಕದಲ್ಲಿ ಕೋಳಿ ಸುಕ್ಕವನ್ನೂ ತಂದಿಟ್ಟರು. ದೂರದಿಂದ ಬಂದ ಮಗನಿಗೆಂದು ಮಧ್ಯಾಹ್ನದಿಂದ ತೆಂಗಿನಕಾಯಿ ಹುರಿದು ಮಾಡಿದ ಪದಾರ್ಥವನ್ನು ಬೇಡವೆನ್ನುವ ಗುಂಡಿಗೆ ಕರಾವಳಿಯಲ್ಲಿ ಹುಟ್ಟಿದ ಯಾರಿಗೂ ಇರುವುದಿಲ್ಲ. ಅದರ ಫಲವಾಗಿ ನಸುಕಿನಲ್ಲಿ, ಉಳಿದವರು ಮೈ ಬಿಸಿ ಮಾಡಿಕೊಳ್ಳುತ್ತಿದ್ದಾಗ, ನಾನು ಸಂಚಾರಿ ಶೌಚಾಲಯದ ಸರತಿಯಲ್ಲಿ ನಿಂತು ಮೈ ಬಿಸಿ ಮಾಡಿಕೊಂಡೆ. ಆ ಸರತಿಯಲ್ಲಿ ಯಾರೂ ಯಾರೊಂದಿಗೂ ಮಾತಾಡುವುದಿಲ್ಲ. ಎಲ್ಲರ ಕಣ್ಣೂ ಬಾಗಿಲಿನ ಮೇಲೆ, ಎಲ್ಲರ ಮನಸ್ಸೂ ಗಡಿಯಾರದ ಮೇಲೆ.

ಮೊದಲ ಅರ್ಧದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಕತ್ತಲು, ತಂಗಾಳಿ, ಮರೀನ್ ಡ್ರೈವಿನ ದೀಪಗಳು, ಬಾಂದ್ರಾ-ವರ್ಲಿ ಸೇತುವೆಯ ಮೇಲೆ ಕೆಂಪಾಗುವ ಆಕಾಶ. ಇಂಥ ಹೊತ್ತಿನಲ್ಲಿ ಯಾರು ಬೇಕಾದರೂ ಓಡಬಲ್ಲರು. ಸೇತುವೆಯ ಮೇಲೆ, ಓಟದ ನಡುವೆ ಶಕ್ತಿಗೆಂದು ನುಂಗುವ ಸಿಹಿ ಅಂಟಿನಂಥ ಜೆಲ್‌ನ ಒಂದು ಪೊಟ್ಟಣವನ್ನು ಹಲ್ಲಿನಿಂದ ಹರಿದೆ. ಅರ್ಧ ಬಾಯಿಗೆ ಹೋಗಿ, ಅರ್ಧ ಬೆರಳುಗಳ ನಡುವೆ ಉಳಿದು, ಮುಂದಿನ ಒಂದು ಗಂಟೆ ಕಾಲ ನಾನು ಮುಟ್ಟಿದ್ದೆಲ್ಲವೂ ನನಗೆ ಅಂಟಿಕೊಂಡಿತು. ಸೂರ್ಯೋದಯದ ಚಿತ್ರ ತೆಗೆಯೋಣವೆಂದರೆ ಫೋನು ನನ್ನ ಬೆರಳಿನ ಗುರುತನ್ನು ಒಪ್ಪಲಿಲ್ಲ.

ನಮ್ಮ ದೇಹವು ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಟ್ಟುಕೊಳ್ಳುವ ಸಕ್ಕರೆಯ ದಾಸ್ತಾನು ಸಾಮಾನ್ಯ ಓಟಗಾರನಿಗೆ ಸುಮಾರು ಮೂವತ್ತು ಕಿಲೋಮೀಟರುಗಳ ತನಕ ಸಾಕಾಗುತ್ತದೆ ಎನ್ನುತ್ತಾರೆ. ಆಮೇಲೆ ದೇಹ ಕೊಬ್ಬಿನತ್ತ ತಿರುಗಬೇಕು. ನನ್ನಲ್ಲಿ ಕೊಬ್ಬಿಗೆ ಕೊರತೆಯಿಲ್ಲ. ಆದರೆ ಅದು ತುರ್ತಿಗೆ ಒದಗುವ ಜಾತಿಯದಲ್ಲ. ಕಾಲುಗಳಿಗೆ ತಲೆಯ ಮಾತು ಕೇಳಿಸದಂತಾಗಿ, ಕಿಲೋಮೀಟರಿಗೆ ಇಷ್ಟು ನಿಮಿಷವೆಂದು ಅಲ್ಲಿಯವರೆಗೆ ಸರಿಯಾಗಿ ನಡೆದುಬಂದ ಲೆಕ್ಕವು ತಪ್ಪತೊಡಗಿ, ನಾಲ್ಕೂವರೆ ಗಂಟೆಯಲ್ಲಿ ಮುಗಿಸುವವರಿಗೆ ವೇಗ ತೋರಿಸಲೆಂದು ಧ್ವಜ ಹಿಡಿದು ಓಡುತ್ತಿದ್ದ ಪೇಸರನ ಬೆನ್ನು ದೂರವಾಗಿ, ಆ ಧ್ವಜವೂ ಕಾಣದಾದಾಗ ಸರಿಯಾಗಿ ಪೆಡ್ಡರ್ ರಸ್ತೆಯ ಏರು ಎದುರಾಯಿತು. ಕಾರಿನಲ್ಲಿ ಹೋಗುವವರಿಗೆ ಅಲ್ಲಿ ಏರು ಇದೆಯೆಂದೇ ತಿಳಿಯುವುದಿಲ್ಲ. ಮೂವತ್ತೈದು ಕಿಲೋಮೀಟರು ಓಡಿ ಬಂದವನಿಗೆ ಅದು ಆಗುಂಬೆ.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಿಂದಿನಿಂದ ಸೈರನ್ನಿನ ಸದ್ದು ಕೇಳಿತು. ಬದಿಗೆ ಸರಿಯಿರೆಂದು ಸ್ವಯಂಸೇವಕರು ಕೂಗಿದರು. ನಮಗಿಂತ ಬಹಳ ತಡವಾಗಿ ಹೊರಡುವ ವೃತ್ತಿಪರ ಓಟಗಾರರು ಬರುತ್ತಿದ್ದರು. ನಾನು ಬೆಳಗಿನ ಜಾವದಿಂದ ಸಂಪಾದಿಸಿದ್ದ ಅಂತರವನ್ನೆಲ್ಲ ಅವರು ನನ್ನ ಪಕ್ಕದಲ್ಲೇ ಕೆಲವು ಕ್ಷಣಗಳಲ್ಲಿ ಮುಗಿಸಿ ಮುಂದೆ ಹೋದರು. 2023ರಲ್ಲಿ ಇಥಿಯೋಪಿಯಾದ ಹೈಲೆ ಲೆಮಿ ಇದೇ ರಸ್ತೆಗಳಲ್ಲಿ 2 ಗಂಟೆ 7 ನಿಮಿಷ 32 ಸೆಕೆಂಡಿನಲ್ಲಿ ಓಟ ಮುಗಿಸಿದ್ದಾರೆ. ಅಷ್ಟು ಹೊತ್ತಿನಲ್ಲಿ ನಾನು ಬೆಂಗಳೂರಿನ ಹೆಬ್ಬಾಳದಿಂದ ಎಲೆಕ್ಟ್ರಾನಿಕ್ ಸಿಟಿಯನ್ನು ಕಾರಿನಲ್ಲಿಯೂ ತಲುಪದ ದಿನಗಳುಂಟು. ಅವರ ಪಾದಗಳು ನೆಲಕ್ಕೆ ತಾಗಿದ ಸದ್ದೇ ಬರಲಿಲ್ಲ; ಸದ್ದು ಮಾಡುವ ಕೆಲಸವನ್ನು ನಾವು ಹವ್ಯಾಸಿಗಳು ಸಾಕಷ್ಟು ಮಾಡುತ್ತಿದ್ದೆವು.

ಪೆಡ್ಡರ್ ರಸ್ತೆಯ ನಿವಾಸಿಗಳು ಮಾತ್ರ ದೇವರಂಥವರು. ಕಿತ್ತಳೆಯ ತೊಳೆ, ಬಿಸ್ಕತ್ತು, ಕಡಲೆಕಾಯಿ ಚಿಕ್ಕಿ ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಆದರೆ ಅವರೆಲ್ಲರ ಬಾಯಲ್ಲಿ ಒಂದೇ ಸುಳ್ಳು: "ಬಸ್, ಆ ಗಯಾ!" ಇನ್ನೇನು ಬಂದೇಬಿಟ್ಟಿತು ಎಂಬ ಈ ಮಾತನ್ನು ಮೂವತ್ತಾರನೆಯ ಕಿಲೋಮೀಟರಿನಲ್ಲಿ ಒಬ್ಬ ಮುದುಕರು ಹೇಳಿದರು, ಮೂವತ್ತೆಂಟರಲ್ಲಿ ಒಬ್ಬ ಪೊಲೀಸರು ಹೇಳಿದರು, ಅದಕ್ಕೂ ಮುಂದೆ ಐದಾರು ವರ್ಷದ ಹುಡುಗಿಯೊಬ್ಬಳು ಅಂಗೈ ಚಾಚಿಕೊಂಡು ಹೇಳಿದಳು. ಅವಳ ಕೈಗೆ ಕೈ ತಟ್ಟಿದೆ. ಜೆಲ್ ಇನ್ನೂ ಇತ್ತು. ಅವಳು ಒಮ್ಮೆ ತನ್ನ ಅಂಗೈಯನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿ, ಕೈಯನ್ನು ಪಕ್ಕದಲ್ಲಿ ನಿಂತಿದ್ದ ಅಪ್ಪನ ಶರಟಿಗೆ ಒರೆಸಿದಳು.

ನಲವತ್ತು ಬಂತು. ಆಥೆನ್ಸಿನ ಅಳತೆಯಾಗಿದ್ದರೆ ನಾನು ಈ ಹೊತ್ತಿಗೆ ಪದಕ ಹಾಕಿಕೊಂಡು ನೆರಳಿನಲ್ಲಿ ಕುಳಿತಿರಬೇಕಾಗಿತ್ತು. ಲಂಡನ್ನಿನ ಆ ಓಟದಲ್ಲಿ ಮೊದಲಿಗನಾಗಿ ಕ್ರೀಡಾಂಗಣಕ್ಕೆ ಬಂದ ಇಟಲಿಯ ಡೊರಾಂಡೊ ಪಿಯೆತ್ರಿ, ದಣಿವಿನಿಂದ ದಿಕ್ಕು ತಪ್ಪಿ ತಿರುವುಮುರುವಾಗಿ ಓಡಲು ಹೊರಟು, ಮತ್ತೆ ಮತ್ತೆ ಬಿದ್ದು, ಅಧಿಕಾರಿಗಳು ಎತ್ತಿ ನಿಲ್ಲಿಸಿದ್ದರಿಂದ ಗೆರೆ ದಾಟಿದರು. ಹಾಗೆ ನೆರವು ಪಡೆದ ಕಾರಣಕ್ಕೇ ಅನರ್ಹರಾದರು. ಮರುದಿನ ಅಲೆಕ್ಸಾಂಡ್ರಾ ರಾಣಿ ಅವರಿಗೆ ಚಿನ್ನದ ಲೇಪದ ಬೆಳ್ಳಿಯ ಲೋಟ ಕೊಟ್ಟು ಸಮಾಧಾನಪಡಿಸಿದರು. ಲೋಟ ಕೊಡುವ ಬದಲು ತಾವು ಕುಳಿತ ಜಾಗವನ್ನೇ ಸ್ವಲ್ಪ ಈಚೆಗೆ ಸರಿಸಿದ್ದರೆ ಆ ಬಡಪಾಯಿಗೂ ನನಗೂ ಎಷ್ಟು ಉಪಕಾರವಾಗುತ್ತಿತ್ತು ಎಂದು ಯೋಚಿಸುತ್ತ ನಾನು ಚರ್ಚ್‌ಗೇಟಿನ ಕಡೆಗೆ ಕಾಲೆಳೆದೆ. ಸೀರೆಯುಟ್ಟ ಹಿರಿಯ ಮಹಿಳೆಯೊಬ್ಬರು, ಪಕ್ಕದವರೊಂದಿಗೆ ಮನೆಕೆಲಸದವಳ ರಜೆಯ ಬಗ್ಗೆ ಮಾತಾಡುತ್ತಲೇ ನನ್ನನ್ನು ದಾಟಿ ಹೋದರು. ಐದು ಗಂಟೆಯ ಮೇಲೆ ಕೆಲವು ನಿಮಿಷಗಳಾದಾಗ ನಾನೂ ಗೆರೆ ದಾಟಿದೆ, ಯಾರ ನೆರವೂ ಇಲ್ಲದೆ. ಅಲ್ಲಿ ಯಾವ ರಾಣಿಯೂ ಇರಲಿಲ್ಲ.

ಟ್ಯಾಕ್ಸಿಯಿಂದ ಇಳಿದು ಮಾಟುಂಗಾದ ಕಟ್ಟಡದ ಮೆಟ್ಟಿಲುಗಳನ್ನು ನೋಡಿದಾಗ ಪೆಡ್ಡರ್ ರಸ್ತೆಯ ಬಗ್ಗೆ ನನಗೆ ಗೌರವ ಮೂಡಿತು. ಅದಕ್ಕೆ ಮೆಟ್ಟಿಲುಗಳಾದರೂ ಇರಲಿಲ್ಲ. ಬಾಗಿಲು ತೆರೆದ ಚಿಕ್ಕಮ್ಮ ನನ್ನ ಬಿಳಿ ಬನಿಯನ್ನಿನ ಎದೆಯ ಮೇಲೆ ಎರಡೂ ಕಡೆ ಇಳಿದಿದ್ದ ರಕ್ತದ ಗೆರೆಗಳನ್ನು ಕಂಡು, "ಅಯ್ಯೋ ದೇವರೇ, ಯಾರು ಚುಚ್ಚಿದ್ದು?" ಎಂದು ಕಿರುಚಿದರು. ಗಂಟೆಗಟ್ಟಲೆ ಬಟ್ಟೆ ಉಜ್ಜಿದರೆ ಮೊಲೆತೊಟ್ಟುಗಳು ಹೀಗೆ ಗಾಯವಾಗುವುದುಂಟೆಂದೂ, ಅದಕ್ಕೆಂದೇ ಗಂಡಸರು ಅಲ್ಲಿ ಪ್ಲಾಸ್ಟರ್ ಅಂಟಿಸಿಕೊಳ್ಳುತ್ತಾರೆಂದೂ, ನನ್ನದು ಬೆವರಿಗೆ ಕಳಚಿ ಬಿದ್ದಿತೆಂದೂ ಚಿಕ್ಕಮ್ಮನಿಗೆ ಹೇಗೆ ವಿವರಿಸುವುದು? ಸೇಫ್ಟಿ ಪಿನ್ ಚುಚ್ಚಿತೆಂದೆ.

ಮಾರನೆಯ ದಿನದ ಸಂಗತಿಗಳಲ್ಲಿ ಅರ್ಧ ಬರೆಯುವಂಥವಲ್ಲ. ಆ ಮನೆಯಲ್ಲಿ ಇರುವುದು ಕುಕ್ಕರುಗಾಲಿನಲ್ಲಿ ಕೂರುವ ದೇಶೀ ಶೌಚಾಲಯ ಎಂದಷ್ಟೇ ಹೇಳಿ, ನಲ್ಲಿಯ ಪೈಪನ್ನು ಅಷ್ಟು ಭದ್ರವಾಗಿ ಜೋಡಿಸಿದ ಕೊಳಾಯಿಗಾರನಿಗೆ ಇಲ್ಲಿಂದಲೇ ನಮಸ್ಕಾರ ಹೇಳುತ್ತೇನೆ. ತೊಡೆಯ ಮುಂಭಾಗದ ಸ್ನಾಯುಗಳಿಗೆ ಹತ್ತುವುದಕ್ಕಿಂತ ಇಳಿಯುವುದು ಹೆಚ್ಚು ಕಷ್ಟ. ಆದ್ದರಿಂದ ಮೂರೂ ಮಹಡಿಗಳನ್ನು ಹಿಮ್ಮುಖವಾಗಿ, ಕಂಬಿ ಹಿಡಿದುಕೊಂಡು ಇಳಿದೆ. ಎದುರು ಮನೆಯವರು ತಮ್ಮ ಬಾಗಿಲಲ್ಲಿ ನಿಂತು ಚಿಕ್ಕಪ್ಪನನ್ನು ಕಣ್ಸನ್ನೆಯಲ್ಲೇ ವಿಚಾರಿಸಿದರು. "ಸ್ಪೋರ್ಟ್ಸ್" ಎಂದು ಚಿಕ್ಕಪ್ಪ ಗಂಭೀರವಾಗಿ ಹೇಳಿ ನನ್ನ ಚೀಲ ಹೊತ್ತುಕೊಂಡು ನಡೆದರು.

ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ನನಗೆ ಸಿಕ್ಕಿದ್ದು ಮೇಲಿನ ಬರ್ತು. ಹೊಸದಾಗಿ ಲಾಳ ಕಟ್ಟಿಸಿಕೊಂಡ ಎತ್ತಿನ ಹಾಗೆ ಹೆಜ್ಜೆ ಊರಿಕೊಂಡು ಅಲ್ಲಿಯವರೆಗೆ ಹೋಗಿ, ಏಣಿಯ ಮೊದಲ ಮೆಟ್ಟಿಲಿಗೆ ಪಾದವನ್ನು ಕೈಯಿಂದಲೇ ಎತ್ತಿ ಇಡಲು ನೋಡುತ್ತಿದ್ದೆ. ಕೆಳಗಿನ ಬರ್ತಿನಲ್ಲಿದ್ದ ಕಲಬುರಗಿಯ ಹಿರಿಯರೊಬ್ಬರು ಸ್ವಲ್ಪ ಹೊತ್ತು ಅದನ್ನು ನೋಡಿ, ಎದ್ದು ನಿಂತು, ತಮ್ಮ ಟೋಪಿಯನ್ನು ಸರಿಪಡಿಸಿಕೊಂಡು, ನಾನು ಬೇಡವೆನ್ನುವಷ್ಟರಲ್ಲಿ ಏಣಿ ಹತ್ತಿ ಮೇಲೆ ಕುಳಿತೇಬಿಟ್ಟರು. ಎದುರಿನ ಸೀಟಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಸಂಕೋಚದಿಂದ, ನಿನ್ನೆ ನಲವತ್ತೆರಡು ಕಿಲೋಮೀಟರು ಓಡಿದೆನೆಂದು ವಿವರಣೆ ಕೊಟ್ಟೆ.

"ಎಲ್ಲಿಂದ ಎಲ್ಲಿಗಿ ಓಡಿದ್ರಿ?" ಎಂದು ಮೇಲಿನಿಂದ ಪ್ರಶ್ನೆ ಬಂತು.

"ಈ ಸ್ಟೇಷನ್ ಹತ್ತಿರದಿಂದ ಹೊರಟು, ಬಾಂದ್ರಾ ಕಡೆ ಹೋಗಿ, ಮತ್ತೆ ಇಲ್ಲಿಗೇ."

ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. ರೈಲು ಹೊರಟಿತು. ದಾದರ್ ಬಂದು ಹೋಯಿತು. ಆಮೇಲೆ ಅವರು ಬರ್ತಿನಿಂದ ತಲೆ ಕೆಳಗೆ ಬಾಗಿಸಿ, ನಿಜವಾದ ಕಾಳಜಿಯಿಂದ ಕೇಳಿದರು: "ಅಲ್ರೀ, ಇಲ್ಲಿಗೇ ಬರೂದಿತ್ತಂದ್ರ, ಹೋಗೂದ್ಯಾಕ್ ಬೇಕಿತ್ತು?"