ಒಯಾಸಿಸ್ ಇಷ್ಟ ಅನ್ನೋಕೆ ಹುಟ್ಟಿದ ವರ್ಷ ಹೇಳಬೇಕಾ?

ಮ್ಯಾಂಚೆಸ್ಟರಿನ ಹೀಟನ್ ಪಾರ್ಕಿನಲ್ಲಿ ಬ್ರಿಟನ್ನಿನ ರಾಕ್ ಬ್ಯಾಂಡ್ ಒಯಾಸಿಸ್ ಹಾಡಿ ಹೋಯಿತು. 2025ರ ಜುಲೈನಲ್ಲಿ ಐದು ರಾತ್ರಿ, ಒಂದೊಂದು ರಾತ್ರಿಯೂ ಸುಮಾರು 80 ಸಾವಿರ ಜನ. ಮಾತು ಬಿಟ್ಟಿದ್ದ ಅಣ್ಣ ತಮ್ಮ ನೋಯೆಲ್ ಮತ್ತು ಲಿಯಾಮ್ ಗ್ಯಾಲಗರ್, ಇದೇ ಊರಿನ ಬರ್ನೇಜ್‌ನಲ್ಲಿ ಬೆಳೆದ ಆ ಇಬ್ಬರು, ತಮ್ಮದೇ ಊರಿನಲ್ಲಿ ಮತ್ತೆ ಒಂದೇ ವೇದಿಕೆ ಹತ್ತಿದರು. ಇಷ್ಟು ದೊಡ್ಡ ಖುಷಿ ಆದ ಮೇಲೆ ಜನ ಏನು ಮಾತಾಡಬೇಕು? ಹಾಡಿನ ಬಗ್ಗೆ ಅಲ್ವಾ? ನನ್ನ ಕಿವಿಗೆ ಬಿದ್ದದ್ದೇ ಬೇರೆ. "ನಿನ್ನೆ ಮೊನ್ನೆ ಬಂದ ಮಕ್ಕಳಿಗೆಲ್ಲ ಟಿಕೆಟ್ ಸಿಕ್ಕಿತು, ನಿಜವಾದ ಅಭಿಮಾನಿಗಳು ಹೊರಗೆ ಉಳಿದರು." ಟ್ರ್ಯಾಮಿನಲ್ಲೂ ಇದೇ, ಪಬ್ಬಿನಲ್ಲೂ ಇದೇ, ಆಫೀಸಿನಲ್ಲಂತೂ ದಿನಾ ಇದೇ. ಕೇಳಿ ಕೇಳಿ ತಲೆ ಕೆಟ್ಟುಹೋಗಿದೆ.

ಹೌದು, ಬ್ಯಾಂಡ್ ಒಡೆದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. 2009ರ ಆಗಸ್ಟ್ 28ರಂದು ಪ್ಯಾರಿಸ್ಸಿನಲ್ಲಿ ಶೋ ಶುರುವಾಗೋ ಮುಂಚೆಯೇ ಜಗಳ ಆಯಿತು, ನೋಯೆಲ್ ಬಿಟ್ಟು ಹೊರಟ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಅದರಲ್ಲಿ ನನ್ನ ತಪ್ಪೇನಿದೆ? ಅವರು ಹಾಡೋದು ನಿಲ್ಲಿಸಿದ ಮೇಲೆ ಅವರ ಹಾಡು ಕೇಳಿಸಿಕೊಂಡೆ. ಮುಂದೆ ಯಾವತ್ತೂ ಎದುರಿಗೆ ನೋಡೋಕೆ ಸಿಗಲ್ಲ ಅಂತ ಗೊತ್ತಿದ್ದೇ ಪ್ರೀತಿಸಿದೆ. ವರ್ಷಗಟ್ಟಲೆ ಹಾಗೇ ಇದ್ದೆ. ಇದಕ್ಕೆ ಬೆಲೆ ಇಲ್ವಾ?

ಮೈದಾನದಲ್ಲಿ ನಡೆದದ್ದು ಹೇಳುತ್ತೇನೆ. ಬ್ಯಾಂಡಿನ ಹೆಸರಿದ್ದ ಟೀ ಶರ್ಟ್ ಹಾಕಿಕೊಂಡು ನಿಂತಿದ್ದೆ. ಹಿಂದೆ ಇದ್ದ ಒಬ್ಬ ಹಿರಿಯ ಭುಜ ತಟ್ಟಿ, "ಎಲ್ಲಿ, ಇವರ ಮೂರು ಹಾಡು ಹೇಳು ನೋಡೋಣ" ಅಂದ. ನನ್ನ ಪಕ್ಕದಲ್ಲೇ ನನ್ನದೇ ವಯಸ್ಸಿನ ಬಿಳಿ ಹುಡುಗನೊಬ್ಬ ನಿಂತಿದ್ದ. ಅವನ ಮೈಮೇಲೂ ಅಂಥದ್ದೇ ಟೀ ಶರ್ಟ್. ಅವನನ್ನು ಯಾರೂ ಏನೂ ಕೇಳಲಿಲ್ಲ. ನಾನು ಬೇಕಂತಲೇ ಆಲ್ಬಂಗಳಲ್ಲಿ ಇಲ್ಲದ, ಸಿಂಗಲ್ ಅನ್ನೋ ಬಿಡಿ ರೆಕಾರ್ಡುಗಳ ಹಿಂಬದಿಯಲ್ಲಿ ಬಂದ ಮೂರು ಹಾಡು ಹೇಳಿದೆ. ಆ ಮನುಷ್ಯ "ಪರವಾಗಿಲ್ಲ, ಪಾಸ್" ಅಂದ. ಮುಂದಿನ ಪ್ರಶ್ನೆ: "ನಿಮ್ಮ ದೇಶದಲ್ಲೂ ಇವರನ್ನ ಕೇಳ್ತಾರಾ?" ಮೈಯೆಲ್ಲ ಉರಿದುಹೋಯಿತು. ಅವರಷ್ಟೇ ದುಡ್ಡು ಕೊಟ್ಟು, ಅದೇ ಗೇಟಿನಿಂದ ಒಳಗೆ ಬಂದವಳು ನಾನು. ನನಗೆ ಪಾಸು ಫೇಲು ಹೇಳೋಕೆ ಇವರು ಯಾರು?

ಪರೀಕ್ಷೆ ಅಂದರೆ ಅದೂ ಆಗಿತ್ತು. 2024ರಲ್ಲಿ, ಎಲ್ಲರಿಗೂ ಟಿಕೆಟ್ ಮಾರುವ ಮುಂಚಿನ ಪ್ರೀ-ಸೇಲ್‌ಗೆ ಹೆಸರು ಬರೆಸುವಾಗ, ಬ್ಯಾಂಡಿನ ಮೊದಲ ಡ್ರಮ್ಮರ್ ಯಾರು ಅಂತ ಕೇಳಿದ್ದರು. ಟೋನಿ ಮೆಕ್ಯಾರಲ್. ಹೇಳಿದ್ದೆ. ಆದರೂ ಅದಕ್ಕೆ ಜನರನ್ನು ಆರಿಸುವ ಲಾಟರಿಯಲ್ಲಿ ಹೆಸರು ಬರಲಿಲ್ಲ. ಆಗಸ್ಟ್ 31ರಂದು ಎಲ್ಲರ ಹಾಗೆ ಬೆಳಗಿನಿಂದ ಸ್ಕ್ರೀನ್ ಮುಂದೆ ಕೂತೆ. ಕ್ಯೂನಲ್ಲಿ ಮುಂದೆ ಎಷ್ಟು ಜನ ಇದ್ದಾರೆ ಅಂತ ನೋಡುತ್ತಾ, ನೀರು ಕುಡಿಯೋಕೂ ಏಳದೆ. ಕೊನೆಗೂ ನನ್ನ ಸರದಿ ಬಂದಾಗ ನಿಂತು ನೋಡುವ ಟಿಕೆಟ್ಟಿಗೆ ಸುಮಾರು 355 ಪೌಂಡ್ ತೋರಿಸುತ್ತಿತ್ತು. ಮೊದಲು ಹೇಳಿದ್ದು ಸುಮಾರು 150. ಅದೇ ಹುಲ್ಲು, ಅದೇ ದೂರ. ಒಂದು ನಿಮಿಷದಲ್ಲಿ ತೀರ್ಮಾನ ಮಾಡಬೇಕು, ಇಲ್ಲಾಂದ್ರೆ ಟಿಕೆಟ್ ಕೈತಪ್ಪುತ್ತದೆ. ಕೊಂಡೆ. ಆ ತಿಂಗಳು ಹೇಗೆ ಕಳೆಯಿತು ಅನ್ನೋದು ನನಗೆ ಗೊತ್ತು.

ಕೋಪ ಬರಬೇಕಾದ್ದು ಇಲ್ಲಿ. ಬ್ರಿಟನ್ನಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರವೇ ಆ ಮಾರಾಟದ ಮೇಲೆ ತನಿಖೆ ಶುರು ಮಾಡಿತು. ಪ್ಲಾಟಿನಂ ಅಂತ ಹೆಸರಿಟ್ಟ ಟಿಕೆಟ್‌ಗಳನ್ನು ಹೆಚ್ಚಿನ ಸೌಕರ್ಯ ಏನೂ ಕೊಡದೆ ಸುಮಾರು ಎರಡೂವರೆ ಪಟ್ಟು ಬೆಲೆಗೆ ಮಾರಿದ್ದು, ಜನರಿಗೆ ಅದನ್ನು ಸರಿಯಾಗಿ ತಿಳಿಸದೇ ಇದ್ದದ್ದು ತನಿಖೆಯಲ್ಲಿ ಬಂತು. ನಲವತ್ತು ಐವತ್ತು ದಾಟಿದ ಎಷ್ಟೋ ಅಭಿಮಾನಿಗಳು ಆ ಬೆಲೆ ನೋಡಿಯೇ ಹಿಂದೆ ಸರಿದರು. ಮನೆ ಸಾಲ ಇದೆ, ಮಕ್ಕಳ ಖರ್ಚು ಇದೆ. ಅವರ ನೋವು ನನಗೆ ನಿಜಕ್ಕೂ ಅರ್ಥ ಆಗುತ್ತದೆ. ಆದರೆ ಅವರ ಜಾಗ ಕಿತ್ತುಕೊಂಡದ್ದು ಆ ಬೆಲೆ. ಪಾರ್ಟ್ ಟೈಮ್ ದುಡಿದು ಟಿಕೆಟ್ ತಗೊಂಡ ಇಪ್ಪತ್ತರ ಹುಡುಗಿ ಅಲ್ಲ. ಬೆಲೆ ಏರಿಸಿದವರನ್ನು ಬಿಟ್ಟು ನಮ್ಮ ಮೇಲೆ ಕೂಗುವುದು ಯಾವ ನ್ಯಾಯ?

ಮಾತೆತ್ತಿದರೆ ನೆಬ್‌ವರ್ತ್, 1996ರಲ್ಲಿ ಅಲ್ಲಿ ಒಯಾಸಿಸ್ ಕೊಟ್ಟ ಶೋ. ಅಲ್ಲಿಗೆ ಹೋದವರೇ ಅಭಿಮಾನಿಗಳಂತೆ. ಎರಡು ರಾತ್ರಿಗೆ ಎರಡೂವರೆ ಲಕ್ಷ ಜನ ಹೋಗಿದ್ದರು. ಟಿಕೆಟ್ ಕೇಳಿದವರು 25 ಲಕ್ಷಕ್ಕೂ ಜಾಸ್ತಿ. ಅಂದರೆ ಆಗಲೂ ಕೇಳಿದ ಹತ್ತರಲ್ಲಿ ಒಂಬತ್ತು ಜನ ಹೊರಗೇ ಉಳಿದರು. ಅವರು ಯಾರೂ ನಿಜವಾದ ಅಭಿಮಾನಿಗಳಲ್ವಾ?

ನನ್ನ ಆಫೀಸಿನಲ್ಲಿ ಒಬ್ಬರಿದ್ದಾರೆ. 2009ರ ಜೂನ್ 4ರಂದು ಇದೇ ಹೀಟನ್ ಪಾರ್ಕಿನಲ್ಲಿ ಇದ್ದವರು. ಅವತ್ತು ಜನರೇಟರ್ ಕೈಕೊಟ್ಟು ಹಾಡು ನಡುವೆಯೇ ನಿಂತಿತು. ಬ್ಯಾಂಡ್ ಮತ್ತೆ ಬಂದು, ಇದು ಫ್ರೀ ಶೋ, ದುಡ್ಡು ವಾಪಸ್ ಅಂತ ವೇದಿಕೆಯಿಂದಲೇ ಹೇಳಿತು. ಆ ಕಥೆಯನ್ನು ಅವರ ಬಾಯಲ್ಲಿ ಕೇಳಬೇಕು, ಎಷ್ಟು ಚೆನ್ನಾಗಿ ಹೇಳುತ್ತಾರೆ! ನಾನು ಊಟ ಬಿಟ್ಟು ಕೂತು ಕೇಳಿದ್ದೇನೆ. ಕಥೆ ಮುಗಿದ ತಕ್ಷಣ "ಅದು ನಮ್ಮ ಕಾಲ, ನಿನಗೆ ಅರ್ಥ ಆಗಲ್ಲ ಬಿಡು" ಅಂತ ಸೇರಿಸುತ್ತಾರೆ. ಯಾಕೆ? ಅಷ್ಟು ಆಸೆಯಿಂದ ಕೇಳುವವಳನ್ನು ಯಾಕೆ ದೂರ ತಳ್ಳಬೇಕು? ಆ ರಾತ್ರಿಗಳ ಬಗ್ಗೆ ನಮಗೆ ಹೇಳೋಕೆ ಇವರನ್ನು ಬಿಟ್ಟರೆ ಇನ್ಯಾರಿದ್ದಾರೆ?

ಮೈದಾನದಲ್ಲಿ ಹಾಡಿದ್ದು ಯಾರು ಅಂತಲೂ ಸ್ವಲ್ಪ ನೋಡಬೇಕಿತ್ತು. ಬಂದ ಹಾಡುಗಳಲ್ಲಿ ಬಹುಪಾಲು 1994, 1995ರ ಮೊದಲ ಎರಡು ಆಲ್ಬಂಗಳ ಕಾಲದ್ದು. ನನ್ನ ಸುತ್ತ ಇದ್ದವರಲ್ಲಿ ಅರ್ಧ ಜನ ಆಗ ಹುಟ್ಟೇ ಇರಲಿಲ್ಲ. ಒಂದು ಸಾಲೂ ತಪ್ಪದೆ ಹಾಡುತ್ತಿದ್ದರು. ಲಿಯಾಮ್ ಹೇಳಿದಾಗ ಎಲ್ಲರೂ ವೇದಿಕೆಗೆ ಬೆನ್ನು ಹಾಕಿ, ಹೆಗಲ ಮೇಲೆ ಕೈ ಹಾಕಿಕೊಂಡು ಕುಣಿದೆವು. ನನ್ನ ಒಂದು ಹೆಗಲ ಮೇಲೆ ಹದಿನೇಳರ ಹುಡುಗನ ಕೈ, ಇನ್ನೊಂದರ ಮೇಲೆ ಅವನ ಅಮ್ಮನ ಕೈ. ವೇದಿಕೆ ಮೇಲೆ ಡ್ರಮ್ಸ್ ಬಾರಿಸಿದ ಜೋಯಿ ವಾರಂಕರ್ ಕೂಡ ಒಯಾಸಿಸ್‌ಗೆ ಹೊಸಬರೇ. ಅವರನ್ನು ಯಾರಾದರೂ 1996ರ ಟಿಕೆಟ್ ತೋರಿಸು ಅಂದರಾ?

ಹೊರಗಿನ ಗುಡ್ಡದ ಮೇಲೆ ಟಿಕೆಟ್ ಇಲ್ಲದೆ ನಿಂತು ಕೇಳಿದವರೂ ಇದ್ದರು. ಆ ದಿಬ್ಬಕ್ಕೆ ಜನ ಗ್ಯಾಲಗರ್ ಹಿಲ್ ಅಂತಲೇ ಹೆಸರಿಟ್ಟರು. ಅಲ್ಲಿ ಮುದುಕರೂ ಇದ್ದರು, ಮಕ್ಕಳೂ ಇದ್ದರು. ಆ ಗುಡ್ಡದ ಫೋಟೋ ನೋಡಿದಾಗ ನನಗೆ ಅಳು ಬಂತು. ಅವರೆಲ್ಲರಿಗೂ ಒಳಗೆ ಜಾಗ ಸಿಗಬೇಕಿತ್ತು.

ಸೋಮವಾರ ಆಫೀಸಿನಲ್ಲಿ ಆ ಮಾತು ಮತ್ತೆ ಬಂದರೆ ಈ ಸಲ ಸುಮ್ನೆ ಕೂರಲ್ಲ. 355 ಪೌಂಡ್ ಕಿತ್ತುಕೊಂಡವರಿಗೆ ನೀವು ಒಂದು ದೂರಾದರೂ ಬರೆದಿದ್ದೀರಾ ಅಂತ ಎಲ್ಲರ ಮುಂದೆಯೇ ಕೇಳುತ್ತೇನೆ. ನಾನು ಬರೆದಿದ್ದೇನೆ.