ಮೋಕ್ಷವಂತೆ, ಮೋಕ್ಷ!

ನಿನ್ನೆ ಸಂಜೆ ಒಂದು ಪುಸ್ತಕ ಚರ್ಚೆಗೆ ಹೋಗಿದ್ದೆ. ಫ್ಯಾಂಟಸಿ ಸಾಹಿತ್ಯದ ಬಗ್ಗೆ ಕನ್ನಡದಲ್ಲಿ ಮಾತಾಡುತ್ತಾರೆಂದರೆ ನಾನು ಊಟ ಬಿಟ್ಟಾದರೂ ಓಡುವವಳು, ನಿಮಗೆ ಗೊತ್ತೇ ಇದೆ. ಭಾಷಣಕ್ಕೆ ನಿಂತ ಮಹನೀಯರು ಇಂಗ್ಲಿಷ್ ಲೇಖಕ ಟೋಲ್ಕೀನನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯಲ್ಲಿ ಎಲ್ಫ್‌ಗಳೆಂಬ ಸಾವಿಲ್ಲದ ಜನ ಹಡಗು ಹತ್ತಿ ಪಶ್ಚಿಮಕ್ಕೆ ಹೊರಡುವುದನ್ನು ವರ್ಣಿಸಿ, ಕಣ್ಣು ಮುಚ್ಚಿ, "ಇದು ನಮ್ಮ ಮೋಕ್ಷವೇ" ಎಂದುಬಿಟ್ಟರು. ನದಿ ಸಾಗರ ಸೇರಿತು, ಜೀವ ದೇವನನ್ನು ಸೇರಿತು, ಚಪ್ಪಾಳೆ, ಚಹಾ, ಬಿಸ್ಕತ್ತು. ಕೊನೆಯಲ್ಲಿ ಯಾರೋ ‘ಕಾಣದ ಕಡಲಿಗೆ’ ಹಾಡಿದರು. ಹಾಡು ಚೆನ್ನಾಗಿಯೇ ಇತ್ತು. ನನಗೆ ಮಾತ್ರ ಮೈಯೆಲ್ಲ ಉರಿ.

ಲೆಗೋಲಾಸನಿಗೆ ಏನಾಯಿತೆಂದು ಆ ಮಹನೀಯರು ಒಮ್ಮೆ ಓದಬಾರದಿತ್ತೆ? ಅವನೂ ಒಬ್ಬ ಎಲ್ಫ್, ಕಾಡಿನವನು, ಮರಗಳ ನಡುವೆ ಸುಖವಾಗಿದ್ದವನು. ಕಡಲ ಹಕ್ಕಿಯ ಕೂಗು ಕಿವಿಗೆ ಬಿದ್ದರೆ ಆಮೇಲೆ ಕಾಡಿನಲ್ಲಿ ನಿನ್ನ ಮನಸ್ಸು ನಿಲ್ಲದು ಎಂದು ಎಲ್ಫ್‌ಗಳ ಒಡತಿ ಗಲಾಡ್ರಿಯೆಲ್ ಮೊದಲೇ ಎಚ್ಚರಿಸಿರುತ್ತಾಳೆ. ಯುದ್ಧದ ನಡುವೆ, ಪೆಲಾರ್ಗಿರ್ ಬಂದರಿನ ಹತ್ತಿರ ಆ ಕೂಗು ಬಿದ್ದೇಬಿಡುತ್ತದೆ. ಇನ್ನು ಯಾವ ಮರದಡಿಯೂ ತನಗೆ ಶಾಂತಿಯಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ. ಆದರೂ ಗೆಳೆಯ ಅರಗಾರ್ನ್ ಸಾಯುವವರೆಗೆ, ಸುಮಾರು 120 ವರ್ಷ, ಆ ಸೆಳೆತವನ್ನು ಹೊತ್ತುಕೊಂಡೇ ದಡದಲ್ಲಿ ಉಳಿಯುತ್ತಾನೆ. ಇದರಲ್ಲಿ ಬಿಡುಗಡೆ ಎಲ್ಲಿದೆ ಸ್ವಾಮಿ? ಹಳೆಯ ಬಂಧ ಕಳಚಲಿಲ್ಲ, ಹೊಸದೊಂದು ಬಿತ್ತು, ಅಷ್ಟೇ.

ಎಲ್ಲದಕ್ಕೂ ಮೋಕ್ಷವೆನ್ನುವುದು ಎಲ್ಲ ಅಡುಗೆಗೂ ಒಂದೇ ಒಗ್ಗರಣೆ ಹಾಕಿದಂತೆ. ರುಚಿ ನೋಡುವ ಕಷ್ಟವೇ ಇಲ್ಲ.

ಕಡಲಿನ ಹಂಬಲ ಏನು ಮಾಡುತ್ತದೆಂದು ತಿಳಿಯಬೇಕಾದರೆ 1980ರಲ್ಲಿ ಬಂದ, ಟೋಲ್ಕೀನನದೇ ‘ಅನ್‌ಫಿನಿಶ್ಡ್ ಟೇಲ್ಸ್’ನಲ್ಲಿರುವ ಅಲ್ದಾರಿಯನ್ ಮತ್ತು ಎರೆಂದಿಸ್ ಕಥೆಯನ್ನು ಓದಬೇಕು. ಅಲ್ದಾರಿಯನ್ ನೂಮೆನೋರ್ ದ್ವೀಪದ ಯುವರಾಜ, ಹಡಗಿನ ಹುಚ್ಚಿನವನು. ಅವನ ಹೆಂಡತಿ ಎರೆಂದಿಸ್‌ಗೆ ಮರಗಳೆಂದರೆ ಪ್ರಾಣ, ಅವನಿಗೆ ಮರವೆಂದರೆ ಹಲಗೆ. ಮಗಳಿಗೆ ನಾಲ್ಕು ವರ್ಷವಾಗಿದ್ದಾಗ, ಎರಡು ವರ್ಷದಲ್ಲಿ ಬರುತ್ತೇನೆಂದು ಹೇಳಿ ಹೋದವನು ಐದು ವರ್ಷ ಕಳೆದು ಬರುತ್ತಾನೆ. ಅಷ್ಟರಲ್ಲಿ ಅವಳು ಮಗಳನ್ನು ಕರೆದುಕೊಂಡು ಕುರಿಗಳು ಮೇಯುವ ಒಳನಾಡು ಸೇರಿರುತ್ತಾಳೆ. ಬಂದ ಗಂಡನನ್ನು ತಡವಾಗಿ ಬಂದ ಅತಿಥಿಯಂತೆ ನಡೆಸಿಕೊಳ್ಳುತ್ತಾಳೆ. ಆ ಪುಟಗಳನ್ನು ನಾನು ಒಂದೇ ಉಸಿರಿಗೆ ಓದಲಾರೆ.

ಅಪ್ಪ ಹಡಗಿನ ಕೆಲಸದಲ್ಲಿದ್ದರು. ಕುಮಟೆಯ ಮನೆಯಲ್ಲಿ ನಾನೂ ಅಮ್ಮನೂ. ಸಂಬಳ ತಪ್ಪದೆ ಬರುತ್ತಿತ್ತು, ದೂರಲು ಏನೂ ಇರಲಿಲ್ಲ, ಅದೇ ಅಮ್ಮನಿಗೆ ದೊಡ್ಡ ಕಷ್ಟವಾಗಿತ್ತೇನೋ. ರಜೆಗೆ ಬಂದವರು ಮೊದಲ ವಾರ ನಗುನಗುತ್ತ ಇರುತ್ತಿದ್ದರು. ಆಮೇಲೆ ಬಡಿಸಿದ್ದು ಏನೆಂದು ನೋಡದೆ ಉಣ್ಣುತ್ತಿದ್ದರು. ಇದನ್ನು ಫೇಸ್‌ಬುಕ್ಕಿನಲ್ಲಿ ಬರೆಯಬಾರದು ಎಂದುಕೊಂಡಿದ್ದೆ. ಮೋಕ್ಷದ ಮಾತು ಕೇಳಿ ಬಾಯಿ ತಡೆಯಲಿಲ್ಲ.

ಟೋಲ್ಕೀನನ ಇನ್ನೊಬ್ಬ ನಾವಿಕ ಎಯಾರೆಂಡಿಲ್‌ನದೂ ಇದೇ ಕಥೆ. ಲೋಕದ ಒಳಿತಿಗೇ ಹಡಗು ಹತ್ತಿದ, ಒಪ್ಪೋಣ. ಅವನು ಕಡಲಿನಲ್ಲಿರುವಾಗ ಊರಿನ ಮೇಲೆ ದಾಳಿಯಾಗುತ್ತದೆ, ಹೆಂಡತಿ ಎಲ್ವಿಂಗ್ ನೀರಿಗೆ ಹಾರುತ್ತಾಳೆ, ಅವಳಿ ಗಂಡುಮಕ್ಕಳು ಶತ್ರುಗಳ ಕೈಗೆ ಸಿಗುತ್ತಾರೆ. ಆ ಇಬ್ಬರಲ್ಲಿ ಒಬ್ಬ ಮುಂದೆ ಎಲ್ಫ್‌ಗಳ ನೆಲೆಯಾದ ರಿವೆಂಡೆಲ್‌ನ ಒಡೆಯನಾದ ಎಲ್ರಾಂಡ್.

ಟೋಲ್ಕೀನನಿಗಿಂತ ಮೊದಲೇ ಇದನ್ನು ಬರೆದವನು ಐರಿಷ್ ಲೇಖಕ ಲಾರ್ಡ್ ಡನ್ಸೇನಿ. 1910ರ ಒಂದು ಕಥೆ: ಒಳನಾಡಿನ ಹುಡುಗರು ಪೋಲ್ಟಾರ್ನೀಸ್ ಬೆಟ್ಟ ಹತ್ತಿ ಕಡಲು ನೋಡಿದವರು ಮರಳುವುದೇ ಇಲ್ಲ. ನೋಡಿಯೂ ಮರಳಿದವನಿಗೆ ಚೆಲುವೆಯಾದ ರಾಜಕುಮಾರಿಯನ್ನು ಕೊಡುತ್ತೇವೆ ಎಂದರೂ, ಅವಳನ್ನು ಮನಸಾರೆ ಮೆಚ್ಚಿ ಹೊರಟವನೂ ಬರುವುದಿಲ್ಲ. ಆಗ ಅವಳು ತನ್ನ ವರದಕ್ಷಿಣೆಯ ಹಣದಲ್ಲಿ ಒಂದು ದೇವಸ್ಥಾನ ಕಟ್ಟಿಸುತ್ತಾಳೆ, ವರ್ಷಕ್ಕೊಮ್ಮೆ ವಿಧಿವತ್ತಾಗಿ ಕಡಲಿಗೆ ಶಾಪ ಹಾಕುವುದಕ್ಕೆ! ಇಂಥ ದೇವಸ್ಥಾನವಿದ್ದರೆ ಅಮ್ಮನನ್ನು ಕರೆದುಕೊಂಡು ನಾನೂ ಹೋಗುತ್ತಿದ್ದೆ.

"ಫ್ರೋಡೋ ಹೋದವನು ತಿರುಗಿ ಬರಲಿಲ್ಲವಲ್ಲ, ಹಾಬಿಟ್‌ಗಳಿಗೆ ಕಡಲು ಸಾವಿನ ಗುರುತಲ್ಲವೇ" ಎಂದು ಚಹಾದ ಹೊತ್ತಿಗೆ ಒಬ್ಬರು ವಾದಿಸಿದರು. ಫ್ರೋಡೋ ಎಂದರೆ ಆ ಕಾದಂಬರಿಯ ನಾಯಕ, ಹಾಬಿಟ್ ಎಂಬ ಕುಳ್ಳ ಜನರಲ್ಲೊಬ್ಬ, ಕೊನೆಗೆ ಎಲ್ಫ್‌ಗಳ ಹಡಗು ಹತ್ತಿದವನು. ಹೌದು, ಇರಲಿ. ಆದರೆ ಫ್ರೋಡೋ ಅಲ್ಲಿ ಅಮರನಾಗುವುದಿಲ್ಲ, ಗಾಯ ಮಾಯಿಸಿಕೊಳ್ಳಲು ಹೋದವನು ಅಲ್ಲಿಯೂ ಸಾಯಲೇಬೇಕು ಎಂದು ಟೋಲ್ಕೀನನೇ ಪತ್ರದಲ್ಲಿ ಬರೆದಿದ್ದಾನೆ. ಕಾದಂಬರಿ ಮುಗಿಯುವುದೂ ಆ ಹಡಗಿನಲ್ಲಲ್ಲ, ಹೆಂಡತಿ ಬಡಿಸಲು ಕಾದಿರುವ ಅವನ ಗೆಳೆಯ ಸ್ಯಾಮ್‌ನ ಮನೆಯಲ್ಲಿ. ಇದನ್ನು ಹೇಳಿದ್ದಕ್ಕೆ ಅವರು ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು.

ಜಿ.ಎಸ್. ಶಿವರುದ್ರಪ್ಪನವರ ‘ಕಾಣದ ಕಡಲಿಗೆ’ ಪದ್ಯದ ಮೇಲೆ ನನ್ನ ತಕರಾರಿಲ್ಲ. ಅದು ಬೇರೆಯೇ ಹಂಬಲ. ಹೊಳೆ ಹೊರಟರೆ ಹಿಂದೆ ಯಾರೂ ಅನ್ನ ಮುಚ್ಚಿಟ್ಟುಕೊಂಡು ಕಾಯುವುದಿಲ್ಲ. ಎರಡನ್ನೂ ಕಲಸಿ ಒಂದೇ ಪ್ರಸಾದ ಹಂಚಬೇಡಿ ಎಂಬುದಷ್ಟೇ ನನ್ನ ಜಗಳ.

ಅಲ್ದಾರಿಯನ್ ಕಥೆ ಓದುವವರಿಗೆ ನನ್ನ ಪ್ರತಿ ಕೊಡುತ್ತೇನೆ, ಬಂದು ಒಯ್ಯಿರಿ. ಪುಸ್ತಕ ಒಯ್ದು ಮರಳಿಸದವರ ಪಟ್ಟಿಯೂ ನನ್ನ ಬಳಿ ಇದೆ, ಅದರಲ್ಲಿರುವವರು ದಯವಿಟ್ಟು ಕೇಳಬೇಡಿ.