ತೇಲಿದರೆ ಮನರಂಜನೆ, ಕೂತರೆ ಕೇಸು

ನಮ್ಮ ನವಲಗುಂದದ ಕಾಕಾ ಮಹದಾಯಿ ಹೋರಾಟದಲ್ಲಿ ಟ್ರ್ಯಾಕ್ಟರ್ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗಿದವರು. ಆದರೆ ಆ ನದಿಯನ್ನು ಅವರು ನೋಡಿಯೇ ಇರಲಿಲ್ಲ. ಖಾನಾಪುರದ ಭೀಮಗಡ ಕಾಡಿನಲ್ಲಿ ಹುಟ್ಟಿ, ಘಟ್ಟ ಇಳಿದ ಮೇಲೆ ಅದು ಮಾಂಡೋವಿ ಆಗುತ್ತದೆ. "ಹೆಸರು ಬದಲ ಮಾಡ್ಕೊಂಡು ಓಡಿಹೋದಾಕಿನ್ನ ಒಮ್ಮೆ ನೋಡೂಣ ನಡಿಯಪಾ" ಎಂದರು. ಪಣಜಿಗೆ ಕರೆದುಕೊಂಡು ಹೋದೆ.

ನದಿ ಕಂಡಿತು. ಅದರ ಮೇಲೆ ಹಡಗುಗಳು ಕಂಡವು. ಸಂಜೆಯಾಗುತ್ತಲೇ ಮದುವೆ ಮಂಟಪದ ಹಾಗೆ ದೀಪ ಹೊತ್ತಿಕೊಂಡವು.

"ಇವು ಎಲ್ಲಿಗೆ ಹೋಗ್ತಾವು?"

"ಎಲ್ಲಿಗೂ ಹೋಗಲ್ಲ ಕಾಕಾ. ಇವು ಕ್ಯಾಸಿನೊ, ಜೂಜಾಡೋ ಹಡಗು. ಲಂಗರು ಹಾಕಿ ನಿಂತಿರ್ತಾವ."

"ಹಂಗಾರ ಹಡಗ ಯಾಕ ಬೇಕು?"

ಕಾಕಾ ಏಳನೇ ಕ್ಲಾಸು. ಆದರೆ ಪ್ರಶ್ನೆ ವಕೀಲರದ್ದು. ಗೋವಾದ ಜೂಜು ಕಾಯ್ದೆ 1976ರದ್ದು. 1992ರಲ್ಲಿ ಅದಕ್ಕೊಂದು ಕಿಂಡಿ ಕೊರೆದರು: ಪಂಚತಾರಾ ಹೋಟೆಲಿನಲ್ಲಿ ಸ್ಲಾಟ್ ಮಷೀನ್ ಇಡಬಹುದು. 1996ರಲ್ಲಿ ಆ ಕಿಂಡಿ ಬಾಗಿಲಾಯಿತು: ತೀರದಾಚೆಯ ಹಡಗಿನಲ್ಲಿ ಮೇಜಿನ ಆಟವನ್ನೂ ಆಡಿಸಬಹುದು. ಅಂದರೆ ನೆಲದ ಮೇಲಿದ್ದರೆ ಮಷೀನಿಗೆ ಸೋಲಬೇಕು. ಮನುಷ್ಯರ ಕೈಯಲ್ಲೇ ಸೋಲಬೇಕು ಅನ್ನುವ ಆಸೆಯಿದ್ದರೆ ದೋಣಿ ಹತ್ತಬೇಕು. 'ತೀರದಾಚೆ' ಅಂದರೆ ಅರಬ್ಬೀ ಸಮುದ್ರ ಅಂತ ನಾವು ತಿಳಿದಿದ್ದೆವು. ನೋಡಿದರೆ ನದಿಯ ಮಧ್ಯ, ದಡದಲ್ಲಿ ನಿಂತವನಿಗೆ ಹಡಗಿನ ಹಾಡು ಕೇಳುವಷ್ಟು ದೂರ. ಇಲ್ಲಿಂದ ತೆಗೆಸುತ್ತೇವೆ ಎಂದು ಸರ್ಕಾರಗಳು ಹೇಳುತ್ತಲೇ ಬಂದಿವೆ, ಇರುವ ಅನುಮತಿಯನ್ನು ಮುಂದುವರಿಸುತ್ತಲೂ ಬಂದಿವೆ. ನಮ್ಮ ಕಡೆ "ಬರೋ ತಿಂಗಳ ಖಾಲಿ ಮಾಡ್ತೀನ್ರಿ" ಅನ್ನುವವನು ಬಾಡಿಗೆದಾರ. ಇಲ್ಲಿ ಮನೆ ಮಾಲೀಕನೇ ಅವನ ಪರವಾಗಿ ಹಾಗೆ ಹೇಳಿಕೊಂಡು ಓಡಾಡುತ್ತಾನೆ.

ದಡದಲ್ಲಿ ವಿಜಾಪುರದ ಆದಿಲ್ ಶಾಹಿಗಳು ಕಟ್ಟಿಸಿದ ಅರಮನೆ ಇದೆ. ಅದರ ಪಕ್ಕದಲ್ಲೊಂದು ಕಂಚಿನ ವಿಗ್ರಹ. ಕೈ ಚಾಚಿ ನಿಂತ ಪಾದ್ರಿ, ಅವರೆದುರು ಮೈಮರೆತು ವಾಲುತ್ತಿರುವ ಹೆಂಗಸು. ಆತ ಅಬ್ಬೆ ಫಾರಿಯಾ. ಗೋವಾದಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಸಮ್ಮೋಹನ ವಿದ್ಯೆ ತೋರಿಸಿ ಹೆಸರಾದವರು. ಕ್ಯಾಸಿನೊಗೆ ಹೋಗುವ ದಾರಿಯಲ್ಲಿ ಇಷ್ಟು ಪ್ರಾಮಾಣಿಕವಾದ ಜಾಹೀರಾತು ಇನ್ನೊಂದಿಲ್ಲ. ಪಾಪ, 1945ರಿಂದ ಬಿಟ್ಟಿಯಾಗಿ ನಿಂತಿದೆ.

"ಬಂದದ್ದ ಬಂದೀವಿ, ಒಳಗ ನೋಡೇ ಬಿಡೂಣು" ಎಂದರು ಕಾಕಾ.

ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದರು. 2020ರ ಫೆಬ್ರುವರಿ 1ರಿಂದ ಗೋವಾದವರು ಕ್ಯಾಸಿನೊದಲ್ಲಿ ಆಡುವ ಹಾಗಿಲ್ಲ. ಕೆಲಸಕ್ಕೆ ಬರಬಹುದು. ಬಂದ ನೆಂಟರಿಗೆ ಧಾರಾಳವಾಗಿ ಬಡಿಸು, ಮನೆ ಮಕ್ಕಳು ಮಾತ್ರ ಮುಟ್ಟಬಾರದು! ಅಡುಗೆಯಲ್ಲಿ ಏನು ಬಿದ್ದಿದೆ ಅಂತ ಅಡುಗೆ ಮಾಡಿದವರಿಗೆ ಗೊತ್ತಿರುತ್ತದೆ ಅಲ್ವಾ. ಕಾಕಾನ ಆಧಾರ್ ಕಾರ್ಡಿನಲ್ಲಿ ಧಾರವಾಡ ಜಿಲ್ಲೆ ಅಂತ ಓದಿದ ಹುಡುಗಿ ಕೈಮುಗಿದಳು. ಕಾಕಾನಿಗೆ ಕಣ್ಣು ತುಂಬಿ ಬಂತು. "ನೀರು ಕೇಳಿದಾಗ ಯಾರೂ ಹಿಂಗ ಮಾತಾಡ್ಸಿರಲಿಲ್ಲ."

ಒಳಗೆ ಗಡಿಯಾರವಿಲ್ಲ. ಕಿಟಕಿಯಿಲ್ಲ. ಊಟ, ಕುಡಿತ ಎಷ್ಟು ಬೇಕಾದರೂ ಇದೆ. ಟಿಕೆಟ್ ಜೊತೆ ಬಿಟ್ಟಿ ಚಿಪ್ಸ್ ಕೊಟ್ಟರು. ಕಾಕಾ ಬಾಯಿಗೆ ಹಾಕಿಕೊಳ್ಳುವ ಮೊದಲು ಕೈ ಹಿಡಿದೆ. ಆ ಬಿಲ್ಲೆಯಿಂದ ಆಡಬಹುದು, ಅದನ್ನು ಕೊಟ್ಟು ದುಡ್ಡು ಪಡೆಯುವ ಹಾಗಿಲ್ಲ. ನಿಜವಾದ ಬಿಲ್ಲೆ ಬೇಕಾದರೆ ಕೊಳ್ಳಬೇಕು, ಅದರ ಮೇಲೆ ಜಿಎಸ್‌ಟಿ. 28% ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 40% ಆಗಿದೆ. ಅಕಸ್ಮಾತ್ ಗೆದ್ದರೆ ಆದಾಯ ತೆರಿಗೆ 30%. ಸೋತರೆ ಮಾತ್ರ ಸರ್ಕಾರ ಪಾಲು ಕೇಳುವುದಿಲ್ಲ. ಅಷ್ಟರ ಮಟ್ಟಿಗೆ ನಮ್ಮ ದುಃಖ ನಮ್ಮದೇ.

ರೂಲೆಟ್ ಚಕ್ರದಲ್ಲಿ ಸೊನ್ನೆಯೂ ಸೇರಿ 37 ಮನೆ. ಉರುಳುವ ಗುಂಡು ಯಾವ ಮನೆಯಲ್ಲಿ ನಿಲ್ಲುತ್ತದೋ ಅದಕ್ಕೆ ಗೆಲುವು. ಕಾಕಾ ಬೆರಳು ಮಡಚಿದರು. ಎಲ್ಲಾ ಮನೆಗೂ ಒಂದೊಂದು ಬಿಲ್ಲೆ ಇಟ್ಟರೆ? ಗೆಲುವು ಗ್ಯಾರಂಟಿ. 37 ಇಟ್ಟು, ಇಟ್ಟದ್ದೂ ಸೇರಿ 36 ವಾಪಸ್. "ಇದು ನಮ್ಮ ದಲಾಲಿ ಅಂಗಡಿನ ಬಿಡು. ಚೀಲಕ್ಕ ಒಂದ್ ಹಿಡಿ ತಗದ ತಗೀತಾರ. ಇಲ್ಲಿ ಏಸಿ ಐತಿ, ಅಷ್ಟ."

ಅಷ್ಟು ಲೆಕ್ಕ ಗೊತ್ತಿದ್ದವರು ಪಕ್ಕದ ಮೇಜು ನೋಡಿ ಬೆಪ್ಪಾಗಿ ನಿಂತರು. ಅಲ್ಲಿ ಅಂದರ್ ಬಾಹರ್ ನಡೆದಿತ್ತು! ನಮ್ಮೂರ ಅಂದರ್ ಬಾಹರ್. ಹನುಮಪ್ಪನ ಗುಡಿ ಹಿಂದೆ ಗೋಣಿಚೀಲ ಹಾಸಿ ಆಡುವ ಆಟ. ಅದೇ ಐವತ್ತೆರಡು ಎಲೆ. ಗುಡಿ ಹಿಂದೆ ಆಡಿದರೆ ಕರ್ನಾಟಕ ಪೊಲೀಸ್ ಕಾಯ್ದೆ ಕಲಂ 87. ಮುಂದೆ ಮುದುಡಿದ ನೋಟು, ಹಿಂದೆ ತಲೆ ತಗ್ಗಿಸಿದ ಹತ್ತು ಮಂದಿ, ಪಕ್ಕದಲ್ಲಿ ಮೀಸೆ ತಿರುವಿದ ಪಿಎಸ್ಐ ಇರುವ ಫೋಟೊ. ಇಲ್ಲಿ ಎಲೆ ಹಂಚುವವರಿಗೆ ಕೋಟು, ಬೋ ಟೈ. ಕಾಕಾ ಕೂತುಬಿಟ್ಟರು. ಎದ್ದಾಗ ಒಂದು ಕ್ವಿಂಟಲ್ ಕಡಲೆಯಷ್ಟು ದುಡ್ಡು ಮಹದಾಯಿ ಪಾಲಾಗಿತ್ತು.

ಆ 2020ರ ಫೆಬ್ರುವರಿ ಬಲು ತಮಾಷೆಯ ತಿಂಗಳು. ಗೋವಾ ತನ್ನವರನ್ನು ಕ್ಯಾಸಿನೊದಿಂದ ಹೊರಗಿಟ್ಟ ತಿಂಗಳೇ ನಮ್ಮ ಪ್ರವಾಸೋದ್ಯಮ ಸಚಿವರು ಕ್ಯಾಸಿನೊ ಮಾತೆತ್ತಿದರು. ಗದ್ದಲವಾಯಿತು. ಸುಮ್ನೆ ಬೇರೆ ಊರುಗಳ ಉದಾಹರಣೆ ಕೊಟ್ಟದ್ದು ಅಂತ ಸಮಜಾಯಿಷಿ ಬಂತು. ತಿಂಗಳ ಕೊನೆಗೆ ಮಹದಾಯಿ ನ್ಯಾಯಮಂಡಳಿ ನಮಗೆ ಹಂಚಿದ್ದ 13.42 ಟಿಎಂಸಿ ನೀರು ಕೇಂದ್ರದ ಗೆಜೆಟ್‌ನಲ್ಲಿ ಅಚ್ಚಾಯಿತು. ಕ್ಯಾಸಿನೊ ಬಾಯಿಗೆ ಬಂತು, ನೀರು ಕಾಗದಕ್ಕೆ ಬಂತು. ಎರಡೂ ಊರಿಗೆ ಬರಲಿಲ್ಲ.

ಮರುದಿನ ಮನೆಯಲ್ಲಿ ಕಾಕಾ ಪೇಪರ್ ಹಿಡಿದು ಕೂತಿದ್ದರು. ಪಕ್ಕದ ಹಳ್ಳಿಯಲ್ಲಿ ಅಂದರ್ ಬಾಹರ್ ಆಡುತ್ತಿದ್ದ ಒಂಬತ್ತು ಜನರ ಮೇಲೆ ಕೇಸು, ಅದೇ ಫೋಟೊ.

"ಶಾಣ್ಯಾತನ ಇಲ್ಲ ನೋಡ ಇವ್ರಿಗೆ" ಎಂದರು. "ಊರ ಕೆರ್ಯಾಗ ಒಂದು ತೆಪ್ಪಾ ಬಿಟ್ಟು, ಅದರ ಮ್ಯಾಲ ಕುಂತು ಆಡಿದ್ರ ಆಗ್ತಿತ್ತು."

ಕಾಕು ಅಡುಗೆಮನೆಯಿಂದ ಖಾಲಿ ಕೊಡ ಹಿಡಿದು ಬಂದರು.

"ಕೆರ್ಯಾಗ ನೀರೆಲ್ಲಿ ಐತ್ರಿ?"